ಮಸ್ಕತ್ತಿಗೆ ಬಂದ ಅಮೆರಿಕದ ಪೈಲ್ವಾನ್

ಮಸ್ಕತ್ತಿನ ಒಂದು ಕ್ರೀಡಾ ಕ್ಲಬ್ಬಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟ, ಭುಜ ಹಿಡಿದುಕೊಂಡು ನರಳುತ್ತಾ ಬರುವವರ ನಡುವೆಯೇ ಕೆಲಸ. ಆದರೂ ನಗುವಂಥದ್ದು ಏನೂ ನಡೆಯದ ದಿನ ಅಂದರೆ ಅದು ಶುಕ್ರವಾರದ ರಜೆಯೇ. ಅಮೆರಿಕದ ಫ್ರೀಸ್ಟೈಲ್ ಕುಸ್ತಿಪಟು ಒಬ್ಬರು ಹುಡುಗಿಯರಿಗೆ ಕೋಚ್ ಆಗಿ ಬಂದ ಮೇಲಂತೂ ಕೇಳುವುದೇ ಬೇಡ.

ಉಳಿದದ್ದು ಎಲ್ಲಿ?

"ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದ ಪೈಲ್ವಾನ್ ಬರ್ತಿದ್ದಾರೆ" ಎಂದು ಕ್ಲಬ್ಬಿನಲ್ಲಿ ಗದ್ದಲವೋ ಗದ್ದಲ. ಮಂಗಳೂರಿನವರಾದ ನಮ್ಮ ಮ್ಯಾನೇಜರು ಕೋಚ್ ಕೋಣೆಯ ಕುರ್ಚಿ ತಡೆಯಲಿಕ್ಕಿಲ್ಲವೆಂದು ಕಬ್ಬಿಣದ ಬೆಂಚು ತರಿಸಿದ್ದರು. ಟ್ಯಾಕ್ಸಿಯಿಂದ ಇಳಿದದ್ದು ನನ್ನ ಭುಜದೆತ್ತರದ ಒಬ್ಬ ಹೆಂಗಸು.

ವಾಚ್‌ಮನ್ ಓಡಿಹೋಗಿ ಬ್ಯಾಗ್ ಹಿಡಿದ. "ಮೇಡಂ, ಪೈಲ್ವಾನ್ ಹಿಂದಿನ ಗಾಡಿಯಲ್ಲಿ ಬರ್ತಿದ್ದಾರಾ?"

"ಇಲ್ಲ, ಮುಂದಿನದರಲ್ಲೇ ಬಂದಳು. ನಾನೇ," ಎಂದರು ಆಕೆ.

ಮ್ಯಾನೇಜರು ಕೈಕುಲುಕಿ, ಮರ್ಯಾದೆಗೆಂದು ತೂಕದ ವಿಭಾಗ ಕೇಳಿದರು. "ಐವತ್ತು ಕೆಜಿ."

ಮ್ಯಾನೇಜರು ನನ್ನ ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿದರು: "ಉಳಿದದ್ದು ಕಾರ್ಗೋದಲ್ಲಿ ಬರ್ತದಾ ಅಂತ ಸ್ವಲ್ಪ ಕೇಳಿ."

ಊರಿಗೆಲ್ಲ ಜ್ವರ

ಕೋಚ್‌ನ ಎಡಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ನಾನು ಮಂಡಿ ತಿಕ್ಕುತ್ತಿದ್ದರೆ ಅವರು ಹಳೆಯ ಕಥೆ ಹೇಳುತ್ತಿದ್ದರು. ಅವರ ಶಾಲೆಯಲ್ಲಿ ಹುಡುಗಿಯರ ಕುಸ್ತಿ ತಂಡವೇ ಇರಲಿಲ್ಲವಂತೆ. ಹುಡುಗರ ಜೊತೆಯೇ ಆಡಬೇಕು. ಮೊದಲ ಪಂದ್ಯದಲ್ಲಿ ಒಬ್ಬ ಹುಡುಗನನ್ನು ಬೆನ್ನ ಮೇಲೆ ಕೆಡವಿದಾಗ ಅವನಪ್ಪ ಎದ್ದು ನಿಂತು, "ನನ್ನ ಮಗನಿಗೆ ನಿನ್ನೆಯಿಂದ ಜ್ವರ" ಎಂದು ಸಾರಿದರಂತೆ. ಮುಂದಿನ ವಾರ ಇನ್ನೊಬ್ಬ ಹುಡುಗ, ಇನ್ನೊಬ್ಬ ಅಪ್ಪ, ಅದೇ ಜ್ವರ.

"ಆಮೇಲೆ?" ಅಂದೆ.

"ಆಮೇಲೇನು? ಆ ಚಳಿಗಾಲ ಪೂರ್ತಿ ನಮ್ಮೂರಲ್ಲಿ ಸಾಂಕ್ರಾಮಿಕ. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಜ್ವರ!"

ಕಿವಿ ಹಿಂಡಿದವರು

ಉಡುಪಿಯಿಂದ ನನ್ನ ಅತ್ತೆ ಬಂದಿದ್ದರು. ಕೋಚನ್ನು ದಾರ್ಸೈಟ್‌ನ ನಮ್ಮ ಫ್ಲಾಟಿಗೆ ಊಟಕ್ಕೆ ಕರೆದೆ. ಕುಸ್ತಿಯಲ್ಲಿ ತಲೆ ಉಜ್ಜಿ ಉಜ್ಜಿ ಕಿವಿ ಮುದುಡಿಹೋಗುತ್ತದೆ. ಕೋಚ್‌ನ ಎರಡೂ ಕಿವಿ ಮುದ್ದೆಯಾಗಿದ್ದವು. ಅತ್ತೆ ಕೋರಿರೊಟ್ಟಿ ಬಡಿಸುವುದು ಬಿಟ್ಟು ಕಿವಿಯನ್ನೇ ನೋಡಿದರು.

"ಪಾಪ, ಈ ಹುಡುಗಿಯ ಕಿವಿ ಯಾರು ಹೀಗೆ ಹಿಂಡಿದ್ದು? ಅಮೆರಿಕದಲ್ಲಿಯೂ ಮಾಷ್ಟ್ರುಗಳು ಹೀಗೆಯಾ? ಕೇಳು ಮಾರಾಯ್ತಿ."

ನಾನು ನಾಚಿಕೊಂಡೇ ಇಂಗ್ಲಿಷಿನಲ್ಲಿ ಕೇಳಿದೆ. ಕೋಚ್ ರೊಟ್ಟಿ ಮುರಿಯುತ್ತಾ, "ಎಡಗಿವಿ ಜಪಾನ್, ಬಲಗಿವಿ ಮಂಗೋಲಿಯಾ" ಎಂದರು.

ಅತ್ತೆಗೆ ಹೇಳಿದೆ. ಅವರು ಇನ್ನೊಂದು ಸೌಟು ಸಾರು ಹೊಯ್ದು, "ಎಷ್ಟು ಶಾಲೆ ಬದಲಾಯಿಸಿದ್ದಾಳೆ, ಪಾಪ!" ಅಂದರು.

ಸುವೈಕ್‌ನಲ್ಲಿ ಒಂದು ಸುತ್ತು

ಮಸ್ಕತ್ತಿನಿಂದಾಚೆಯ ಸುವೈಕ್ ಪಟ್ಟಣದ ಒಂದು ಹುಡುಗಿಯರ ಶಾಲೆಯಲ್ಲಿ ಕೋಚ್‌ನ ಪ್ರದರ್ಶನ. ಸಭಾಂಗಣದಲ್ಲಿ ಹೆಂಗಸರು ಮಾತ್ರ. ಕುಸ್ತಿಗೆ ಹೆಸರು ಕೊಡಲು ಮಕ್ಕಳು ಹಿಂಜರಿಯುತ್ತಿದ್ದರು. ಇಷ್ಟು ಸಣ್ಣ ಹೆಂಗಸು ಯಾರನ್ನು ಎತ್ತುತ್ತಾಳೆ ಎಂಬ ಗುಸುಗುಸು ಬೇರೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಎದ್ದರು. ಆಳು ಕೋಚ್‌ನ ಎರಡರಷ್ಟು. "ನನ್ನನ್ನು ಎತ್ತಲಿ ನೋಡುವ!"

ಕೋಚ್ ಬಗ್ಗಿ, ಕೈ ಹಿಡಿದು, ಒಂದೇ ಉಸಿರಿಗೆ ಅವರನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು ನಿಂತರು. ನನಗೆ ಆ ಮಂಡಿಯದೇ ಚಿಂತೆ. "ಖಲಾಸ್, ಖಲಾಸ್, ಸಾಕು, ಇಳಿಸಿ!" ಎಂದು ಕೂಗಿದೆ.

ಮೇಲಿನಿಂದ ಮುಖ್ಯೋಪಾಧ್ಯಾಯಿನಿಯ ದನಿ ಬಂತು: "ಖಲಾಸ್ ಎಂಥದ್ದು? ಮದುವೆಯ ದಿನವೂ ನನ್ನನ್ನು ಯಾರೂ ಹೀಗೆ ಎತ್ತಿರಲಿಲ್ಲ. ಯಲ್ಲಾ, ನಡೀರಿ, ಇನ್ನೊಂದು ಸುತ್ತು!"

ಹೆಸರು ಕೊಟ್ಟವರ ಸಾಲಿನಲ್ಲಿ ಇಬ್ಬರು ಟೀಚರುಗಳೂ ನಿಂತಿದ್ದರು.

ಕೊನೆಯ ಪಂದ್ಯ

ಕೋಚ್‌ಗೆ ಒಂದು ಕೊರಗಿತ್ತು. ಒಲಿಂಪಿಕ್ಸ್ ಆಯ್ಕೆಯ ಕೊನೆಯ ಪಂದ್ಯದಲ್ಲಿ ಮಂಡಿ ತಿರುಚಿ, ಅವರನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದಿದ್ದರು. "ಕುಸ್ತಿ ಬಿಡುವಾಗ ನನ್ನ ಕಾಲಲ್ಲೇ ನಡೆದು ಹೊರಬರಬೇಕು," ಎನ್ನುತ್ತಿದ್ದರು. ಮಸ್ಕತ್ತಿನಲ್ಲಿ ಮಹಿಳೆಯರ ಆಹ್ವಾನಿತ ಪಂದ್ಯಾವಳಿ ನಡೆದಾಗ, "ಇದೊಂದು, ಆಮೇಲೆ ಸಾಕು" ಎಂದು ಹೆಸರು ಕೊಟ್ಟರು. ಅವರ ಮಂಡಿಗೆ ನಾನು ಎರಡು ಸುತ್ತು ಪಟ್ಟಿ ಹೆಚ್ಚೇ ಸುತ್ತಿದೆ.

ಎದುರಾಳಿ ಕಜಕಸ್ತಾನದ ಹುಡುಗಿ. ಇವರಿಗಿಂತ ಎಷ್ಟೋ ಚಿಕ್ಕವಳು, ಮಿಂಚಿನ ಹಾಗೆ ಓಡಾಡುತ್ತಿದ್ದಳು. ಕೋಚ್ ಅಂಕದಲ್ಲಿ ಹಿಂದೆ ಬಿದ್ದರು. ಗ್ಯಾಲರಿಯಲ್ಲಿ ಅವರು ಕಲಿಸಿದ ಹುಡುಗಿಯರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನ್ನ ಅತ್ತೆಯಂತೂ ಕುರ್ಚಿ ಬಿಟ್ಟೆದ್ದು ತುಳುವಿನಲ್ಲಿ, "ಪತ್ತ್! ಬುಡಡ!" ಹಿಡಿ, ಬಿಡಬೇಡ ಎಂದು ಅಬ್ಬರಿಸುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಕೋಚ್ ಆ ಹುಡುಗಿಯ ಕಾಲಿಗೆ ನುಗ್ಗಿ, ಎತ್ತಿ, ಉರುಳಿಸಿ, ಎರಡೂ ಭುಜ ನೆಲಕ್ಕೊತ್ತಿ ಹಿಡಿದರು. ರೆಫರಿ ಮ್ಯಾಟ್ ತಟ್ಟಿದರು. ಗೆಲುವು! ನನಗೆ ಕಣ್ಣು ಮಂಜಾಯಿತು.

ಕುಸ್ತಿಯಲ್ಲಿ ಒಂದು ಪದ್ಧತಿ ಉಂಟು. ಕೊನೆಯ ಪಂದ್ಯವಾದ ಮೇಲೆ ಶೂ ಬಿಚ್ಚಿ ಮ್ಯಾಟಿನ ನಡುವೆ ಇಟ್ಟು, ಬರಿಗಾಲಲ್ಲಿ ಹೊರನಡೆಯುತ್ತಾರೆ. ಅದೇ ನಿವೃತ್ತಿ. ಕೋಚ್ ಮಂಡಿಯೂರಿ ಶೂ ಬಿಚ್ಚಿದರು, ಜೋಡಿಸಿಟ್ಟರು, ಎದ್ದು ಮೆಲ್ಲನೆ ನಡೆದರು. ಸಭಾಂಗಣವಿಡೀ ಎದ್ದು ನಿಂತಿತು. ಆ ಹುಡುಗಿಯರ ಕೆನ್ನೆಯ ಮೇಲೆ ನೀರು.

ನಾನು ಕಣ್ಣೊರೆಸಿ ನೋಡುತ್ತೇನೆ, ಪಕ್ಕದಲ್ಲಿ ಅತ್ತೆ ಇಲ್ಲ! ಸೀರೆಯ ನೆರಿಗೆ ಎತ್ತಿಕೊಂಡು ಮ್ಯಾಟಿನ ನಡುವೆ ಹೋಗಿ, ಆ ಶೂ ಎತ್ತಿ, ಸೆರಗಿನಿಂದ ಧೂಳು ಒರೆಸಿ, ಕೋಚ್‌ನ ಹಿಂದೆ ಓಡುತ್ತಿದ್ದಾರೆ. "ಮಗಾ, ನಿಲ್ಲು ಮಗಾ! ಗೆದ್ದ ಖುಷಿಯಲ್ಲಿ ಶೂ ಬಿಟ್ಟು ಹೋಗ್ತಾ ಇದ್ದಿ!"

ಕೋಚ್ ತಿರುಗಿದರು. ಶೂ ನೋಡಿದರು, ಅತ್ತೆಯ ಮುಖ ನೋಡಿದರು. ಅಳುತ್ತಿದ್ದವರು ನಗುತ್ತಾ ನೆಲದ ಮೇಲೆ ಕುಳಿತೇಬಿಟ್ಟರು. ನಾನು ಓಡಿಬಂದು ಶೂ ಬಿಡುವ ಪದ್ಧತಿಯ ಅರ್ಥ ಹೇಳಿದರೆ ಅತ್ತೆ, "ಕುಸ್ತಿ ಬೇಕಾದರೆ ಬಿಡಲಿ ಮಾರಾಯ್ತಿ, ಇಷ್ಟು ಗಟ್ಟಿ ಶೂ ಯಾಕೆ ಬಿಡಬೇಕು?" ಅಂದರು.

ಮರುದಿನ ನೋಡಿದರೆ ಕೋಚ್ ಅದೇ ಶೂ ಹಾಕಿಕೊಂಡು ಹುಡುಗಿಯರ ಜೊತೆ ಮ್ಯಾಟಿನ ಮೇಲೆ ಉರುಳಾಡುತ್ತಿದ್ದಾರೆ.

"ಏನು ಕೋಚ್, ನಿವೃತ್ತಿ ಆಗಿತ್ತಲ್ಲ?"

"ನಾನು ರಾಜೀನಾಮೆ ಕೊಟ್ಟಿದ್ದೆ," ಎಂದರು. "ನಿನ್ನ ಅತ್ತೆ ಧೂಳು ಒರೆಸಿ ವಾಪಸ್ ಕೊಟ್ಟರು."