ಸೊಂಟ ಸರಿ, ತಲೆ ಜಾಸ್ತಿ

"ಊರಿನವರ ಉಬ್ಬುತಗ್ಗಿಗೆಲ್ಲ ಬಟ್ಟೆ ಹೊಂದಿಸಿದ ಕೈ ಇದು! ಒಂದು ಎಂಜಿನ್ ಹೊಂದಿಸೋದು ಯಾವ ಮಹಾ ಕೆಲಸ?"

ಹೀಗೆಂದು ಘೋಷಿಸಿದ ಟೈಲರ್ ಮಹಾಶಯರು, ಹೆಂಡತಿ ಕರೆಸಿದ್ದ ಮೆಕ್ಯಾನಿಕ್ಕನನ್ನು ಗೇಟಿನಿಂದಲೇ ಸಾಗಹಾಕಿದರು.

ಹೆಂಡತಿ ಸಸಿ ಬೆಳೆಸಿ ಮಾರುವವರು. ಹೊಸ ಆಸ್ಪತ್ರೆಯ ಅಂಗಳಕ್ಕೆ ಹೂಗಿಡ ಒಪ್ಪಿಸುವುದು ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮನೆಯ ಹಳೆಯ ಪಿಕಪ್ಪಿನ ಎಂಜಿನ್ನು ಸರಿಯಾಗಿ ಅದೇ ವಾರ ಕೈಕೊಟ್ಟಿತ್ತು.

"ನಾಡಿದ್ದು ಗಿಡ ಅಲ್ಲಿರಬೇಕು ಕಣ್ರೀ. ತಪ್ಪಿದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ."

"ನಾನು ಹೇಳಿದ ದಿನ ಎಂದಾದ್ರೂ ತಪ್ಪಿಸಿದೀನಾ?"

"ನೀವು ಹೊಲಿದ ಮದುವೆ ಸೂಟು ಕೈಗೆ ಸಿಗೋ ಹೊತ್ತಿಗೆ ಆ ಮದುಮಗ ಅಪ್ಪ ಆಗಿದ್ದ!"

ಟೈಲರ್ ಇದನ್ನು ಕೇಳಿಸಿಕೊಳ್ಳಲಿಲ್ಲ. ಕೊರಳಿನ ಟೇಪು ಎಳೆದು, ಗುಜರಿ ಅಂಗಡಿಯ ಎಂಜಿನ್ನುಗಳ ಉದ್ದ, ಸುತ್ತಳತೆ ತೆಗೆದು ಒಂದನ್ನು ಆರಿಸಿ ತಂದರು. ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ದಂಪತಿಗಳು ಏದುಸಿರು ಬಿಡುತ್ತ ಹಳೆಯ ಎಂಜಿನ್ನನ್ನು ಮೇಲೆತ್ತಿ ತೆಗೆದು, ಗುಜರಿಯಿಂದ ತಂದದ್ದನ್ನು ಅದರ ಜಾಗಕ್ಕೆ ಇಳಿಸಿದರು. ಬೋಲ್ಟು ಬಿಗಿದು ಕೀಲಿ ತಿರುಗಿಸಿದರೆ, ಆಹಾ, ಒಂದೇ ಸಲಕ್ಕೆ ಗುಡುಗಿತು! ಉಬ್ಬಿದ ಎದೆಗೆ ಟೈಲರರ ಅಂಗಿಯ ಗುಂಡಿಯೊಂದು ಕಿತ್ತು ಹಾರಿತು.

"ನೋಡಿದ್ಯಾ ಫಿಟ್ಟಿಂಗು!"

"ನೋಡಿದೆ. ಬಾನೆಟ್ ಮುಚ್ಚಿ."

ಬಾನೆಟ್ ಮುಚ್ಚಲಿಲ್ಲ. ಟೈಲರ್ ಒತ್ತಿದರು, ಹತ್ತಿ ಕೂತರು, ಹೆಂಡತಿಯನ್ನೂ ಕೂರಿಸಿದರು. ಎಂಜಿನ್ನಿನ ನೆತ್ತಿಯ ಮೇಲೆ ಬಾಣಲೆಯಷ್ಟು ದೊಡ್ಡ ಏರ್‌ಫಿಲ್ಟರ್ ಜಪ್ಪಯ್ಯ ಅಂದರೂ ಅಲುಗದೆ ನಿಂತಿತ್ತು.

"ಎತ್ತರ ಅಳೆದ್ರಾ?"

ಟೈಲರ್ ಟೇಪನ್ನು ದುರುಗುಟ್ಟಿ ನೋಡಿದರು, ತಪ್ಪೆಲ್ಲ ಅದರದೇ ಎಂಬಂತೆ. "ಸೊಂಟ ಸರಿ ಕೂತ್ರೆ ಉಳಿದದ್ದು ತಾನಾಗಿ ಕೂರುತ್ತೆ ಅಂತ..."

"ನಿಮ್ಮ ತಲೆ! ಎಂಜಿನ್ನಿಗಾದ್ರೂ ಒಂದು ತಲೆ ಇರುತ್ತೆ ಅಂತ ಹೊಳೀಲಿಲ್ವಾ?"

"ಆಲ್ಟರೇಷನ್ ಮಾಡಿದ್ರಾಯ್ತು ಬಿಡು!"

ಸೀಮೆಸುಣ್ಣದಲ್ಲಿ ದುಂಡಗೆ ಗೆರೆ ಎಳೆದು, ತಗಡಿನ ಕತ್ತರಿ ಹಿಡಿದು ಟೈಲರ್ ಬಾನೆಟ್ಟಿಗೊಂದು ಭವ್ಯ ಕಾಜಾ ತೆಗೆದರು. ಫಿಲ್ಟರ್ ಗುಂಡಿಯಂತೆ ಹೊರಗೆ ಇಣುಕಿತು. ಹೊರಡುವ ಬೆಳಿಗ್ಗೆ ತುಂತುರು ಶುರುವಾದಾಗ ಹೆಂಡತಿ ದೊಡ್ಡ ಪ್ಲಾಸ್ಟಿಕ್ ಕುಂಡವೊಂದನ್ನು ಅದರ ಮೇಲೆ ಬೋರಲು ಹಾಕಿ, ಗಾಳಿಯಾಡಲು ಸಂದು ಬಿಟ್ಟು ತಂತಿ ಬಿಗಿದರು. ತಾವೇ ಸ್ಟೀರಿಂಗ್ ಹಿಡಿದರು.

ಆಸ್ಪತ್ರೆಯ ಅಂಗಳದಲ್ಲಿ ಗಿಡಗಳು ಒಂದೂ ನಲುಗದೆ ಇಳಿದವು.

"ಸೊಗಸಾಗಿದೆಯಮ್ಮ! ಮುಂದಿನ ಕೆಲಸಾನೂ ನಿಮಗೇ," ಎಂದ ಮೇಲ್ವಿಚಾರಕರ ಕಣ್ಣು ಬಾನೆಟ್ಟಿನತ್ತ ಹೊರಳಿತು. "ಅಲ್ಲಿ ಕುಂಡದೊಳಗೆ ಏನೋ ಮುಚ್ಚಿಟ್ಟಿದೀರಲ್ಲ, ಯಾವ ಗಿಡ?"

ತಮ್ಮ ಕೈಚಳಕ ಬಣ್ಣಿಸಲು ಟೈಲರ್ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಹೇಳಿಯೇಬಿಟ್ಟರು:

"ನಮ್ಮನೆಯವರ ಜಾಣತನ, ಸಾರ್. ಇನ್ನೂ ಎಳೇದು, ಹೊರಗೆ ತೆಗೆಯೋ ಹಾಗಿಲ್ಲ!"