ದೊಡ್ಡವ್ವ ಕೌದಿ ಹಿಡಿದು ಕೂತಳೆಂದರೆ

ಬಬಲೇಶ್ವರ, ತಿಕೋಟಾ ಎರಡೂ ತಾಲ್ಲೂಕು ಜಾಲಾಡಿದರೂ ನಮ್ಮ ದೊಡ್ಡವ್ವನಂಥ ಜಗಳಗಂಟಿ ನಿಮಗೆ ಸಿಗಲಾರಳು. ಮಜವೆಂದರೆ, ಆಕೆ ಯಾರೊಂದಿಗೂ ಒಮ್ಮೆಯೂ ದನಿ ಎತ್ತಿದವಳಲ್ಲ! ಅನ್ಯಾಯ ಕಂಡರೆ ಹಳೆಯ ಸೀರೆ, ಸೂಜಿ, ದಾರ ತೆಗೆದುಕೊಂಡು ಹೋಗಿ ಎದುರಾಳಿಯ ಬಾಗಿಲಲ್ಲಿ ಕೌದಿ ಹೊಲಿಯುತ್ತ ಕೂಡುವುದು ಆಕೆಯ ಪದ್ಧತಿ. ನಲ್ಲಿಗೆ ನೀರು ಬಿಡದ ವಾಟರ್‌ಮನ್ ಅರ್ಧ ಕೌದಿಗೇ ಶರಣಾಗಿದ್ದ. ಪಾಪ, ದಿನವೂ ಅದನ್ನು ದಾಟಿಯೇ ಅವನು ಮನೆಯೊಳಗೆ ಹೋಗಬೇಕಲ್ಲ!

ಹೋದ ಚಳಿಗಾಲ ನಮ್ಮೂರಿಗೆ ಬರುತ್ತಿದ್ದ ಮುಂಜಾನೆಯ ಬಸ್ಸು ನಿಂತಿತು. ಪಕ್ಕದ ಮನೆಯ ಹುಡುಗಿ ಅದರಲ್ಲೇ ಬಬಲೇಶ್ವರದ ಕಾಲೇಜಿಗೆ ಹೋಗುತ್ತಿದ್ದಳು. "ಬಸ್ ಇಲ್ಲಂದ್ರ ಕಾಲೇಜೂ ಬ್ಯಾಡ," ಅಂದುಬಿಟ್ಟ ಅವಳಪ್ಪ. ಮರುದಿನವೇ ದೊಡ್ಡವ್ವ ಕೌದಿ ಸಮೇತ ವಿಜಯಪುರದ ಬಸ್ ಕಚೇರಿಯ ಮೆಟ್ಟಿಲ ಮೇಲೆ ಉಪವಾಸ ಕೂತಳು. ಅದೇ ಕಚೇರಿಯಲ್ಲಿ ನಾನು ಗುಮಾಸ್ತ! ಇದಕ್ಕಿಂತ ದೊಡ್ಡ ಗ್ರಹಚಾರ ಬೇಕೆ? ಮೂರು ದಿನ ಹಿಂದಿನ ಬಾಗಿಲಿನಿಂದಲೇ ಒಳಹೊಕ್ಕೆ.

ಎಬ್ಬಿಸಲು ಬಂದ ಪೊಲೀಸನಿಗೆ ಆಕೆ, "ಸಾವಕಾಶ ಯಪ್ಪಾ, ಸೂಜಿ ಐತಿ, ಚುಚ್ಚೀತು," ಅಂದಳಂತೆ. ಅವನು ಎಬ್ಬಿಸುವುದನ್ನು ಬಿಟ್ಟು ಸೂಜಿಗೆ ದಾರ ಪೋಣಿಸಿಕೊಟ್ಟು ಹೋದ.

ಮೂರನೆಯ ದಿನ ಮಧ್ಯಾಹ್ನ ಕೌದಿ ಮುಗಿಯುತ್ತ ಬಂತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಟ್ಟು ಕೌದಿಯ ಹೊಟ್ಟೆ ತುಂಬಿಸುವುದು ನಮ್ಮ ಮನೆಯ ಹೆಂಗಸರ ರೂಢಿ. ಉಪವಾಸ ಕೂತವಳ ಬಳಿ ರೊಟ್ಟಿ ಎಲ್ಲಿಯದು? ಜವಾನನ ಕೈಲಿ ನನಗೆ ಹೇಳಿ ಕಳಿಸಿದಳು. ಬೇರೆ ದಾರಿಯಿಲ್ಲದೆ ಊಟದ ಡಬ್ಬಿ ಹಿಡಿದು, ಎಲ್ಲರೂ ನೋಡುತ್ತಿರುವಾಗಲೇ ಮುಂದಿನ ಬಾಗಿಲಿನಿಂದ ಹೊರಬಂದೆ. ಆಕೆ ಡಬ್ಬಿಯೊಳಗಿನ ರೊಟ್ಟಿ ಮುರಿದುಕೊಂಡಳು. ರೊಟ್ಟಿಯ ಚೂರನ್ನು ಕೌದಿಯೊಳಗಿಟ್ಟು ಹೊಲಿದಳು.

"ನೀನೂ ಒಂದ್ ತುತ್ತು ತಿನ್ನು, ದೊಡ್ಡವ್ವ."

"ಬಸ್ ಬರ್ಲಿ, ತಿಂತೀನಿ. ಕೌದಿ ಏನ್ ತಪ್ಪ ಮಾಡೈತಿ, ಅದ್ಯಾಕ ಉಪಾಸ ಇರಬೇಕು?"

ಆಮೇಲೆ ಮೆಲ್ಲಗೆ ಅಂದಳು: "ನೀ ಹಿಂದಿನ ಬಾಗಲಿಂದ ಹೋಗೂದು ನೋಡೀನಿ. ಛಲೋ ಮಾಡಿದಿ. ನನ್ನ ಸಲುವಾಗಿ ನಿನ್ನ ನೌಕರಿಗಿ ಏನರ ಆದ್ರ ಹೆಂಗ? ಒಳಗ ಹೋಗು."

ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ಒಳಗೆ ಹೋಗಲಿಲ್ಲ. ಡಬ್ಬಿ ಮುಚ್ಚಿ ಆಕೆಯ ಪಕ್ಕದಲ್ಲೇ ಕೂತೆ. ಜೊತೆಯವರು ಕಿಟಕಿಯಿಂದ ನೋಡಿದರು, ನೋಡಲಿ ಎಂದುಕೊಂಡೆ.

ಸಂಜೆ ಸಾಹೇಬರು ಹೊರಗೆ ಬಂದು ಇಬ್ಬರನ್ನೂ ನೋಡಿದರು. "ನಾಳಿಂದ ಬಸ್ ಬಿಡೂಣು. ಆದೇಶ ಟೈಪ್ ಮಾಡ್ ಬಾ," ಅಂದರು ನನಗೆ.

ನಾನು ಏಳುವುದರೊಳಗೆ ದೊಡ್ಡವ್ವ ಡಬ್ಬಿ ತೆರೆದಳು. "ನೀನೂ ಉಂಡಿಲ್ಲಲ್ಲೋ," ಎನ್ನುತ್ತ, ಮೂರು ದಿನ ಹಸಿದಿದ್ದವಳು ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು.