ಜರ್ಮನ್ ಟೋಪಿಗೆ ಖಂಡೇಪೂಜೆ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು; ಇಲ್ಲದಿದ್ದರೆ ಮನೆಯವರು ಬೈಯಲು ವಿಷಯ ಸಿಗದೆ ಒದ್ದಾಡುತ್ತಾರೆ. ನನ್ನ ಹುಚ್ಚು ಯುರೋಪಿನ ಹಳೆಯ ಸೈನ್ಯಾಧಿಕಾರಿಗಳ ಟೋಪಿಗಳದು. ಬೆಳಗಾವಿಯ ಕ್ಯಾಂಪಿನಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಬಿಳಿ ದೊರೆಟೋಪಿ ತಂದದ್ದೇ ನೆಪ. ಈಗ ನಮ್ಮ ಪಡಸಾಲೆಯ ಕಪಾಟಿನಲ್ಲಿ ನಾಲ್ಕಾರು ದೇಶಗಳ ದಂಡು ತಲೆಯಿಲ್ಲದೆ ಬೀಡುಬಿಟ್ಟಿದೆ. ಶಹಾಪುರದ ನೇಕಾರರ ಮನೆಯಲ್ಲಿ ಬೆಳೆದ ನನ್ನ ಹೆಂಡತಿ, "ಸೀರಿ ಇಡಾಕ ಜಾಗಾ ಇಲ್ಲ, ಸತ್ತ ಸಾಹೇಬರ ಟೊಪಗಿಗೆ ಕಪಾಟ ಬೇಕು" ಎನ್ನುತ್ತಾಳೆ. ಆದರೆ ಅವುಗಳ ಧೂಳು ಒರೆಸುವವಳೂ ಅವಳೇ, ಮೆತ್ತನೆಯ ಅರಿವೆಯಿಂದ, ಎಳೆ ಕೂಸಿನ ತಲೆ ಒರೆಸಿದ ಹಾಗೆ.

ಕಪಾಟಿನ ಯಜಮಾನನೆಂದರೆ ಜರ್ಮನ್ ಅಧಿಕಾರಿಯ ಟೋಪಿ. ಕರಿ ತೊಗಲು, ಹಣೆಗೆ ರೆಕ್ಕೆ ಬಿಚ್ಚಿದ ಹದ್ದು, ನೆತ್ತಿಯ ಮೇಲೆ ಹಿತ್ತಾಳೆಯ ಚೂಪು ಮೊನೆ. ಅದನ್ನು ಕೊಟ್ಟರೆ, ಕರಿ ಗರಿಗಳು ಜೋತಾಡುವ ಇಟಲಿಯ ಟೋಪಿ ಕೊಡುವುದಾಗಿ ಪುಣೆಯ ಸಂಗ್ರಾಹಕರೊಬ್ಬರು ಒಪ್ಪಿದ್ದರು. ಆ ಗರಿಟೋಪಿಗಾಗಿ ನಾನು ನಿದ್ದೆಯಲ್ಲೂ ಕನವರಿಸಿದ್ದೆ. ಗೋವಾಕ್ಕೆ ಹೋಗುವಾಗ ಮನೆಗೇ ಬಂದು ಅದಲುಬದಲು ಮಾಡಿಕೊಳ್ಳುತ್ತೇನೆ, ತಪ್ಪಿದರೆ ಗೋವಾದ ಗಿರಾಕಿಗೆ ಕೊಟ್ಟುಬಿಡುತ್ತೇನೆ ಎಂದಿದ್ದರು. ಅವರು ಆರಿಸಿದ ದಿನ ಮಾತ್ರ ಆಯುಧಪೂಜೆಯ ಖಂಡೇನವಮಿ.

ಹಬ್ಬಕ್ಕೆಂದು ಖಾನಾಪುರದಿಂದ ನನ್ನ ಅಪ್ಪನ ಅಕ್ಕ ಗಂಗತ್ತೆ ಬಂದಿದ್ದಳು. ನಾನು ಝಳಕ ಮುಗಿಸಿ ಬರುವಷ್ಟರಲ್ಲಿ ಕುಡಗೋಲು, ಈಳಿಗೆ, ಮಿಕ್ಸರ್‌ಗಳ ಸಾಲಿನಲ್ಲಿ ಜರ್ಮನ್ ಟೋಪಿಯೂ ಕಂಬಳಿಯ ಮೇಲೆ ಕುಳಿತಿತ್ತು. ಹದ್ದಿಗೆ ವಿಭೂತಿ, ಕುಂಕುಮ. ಸುತ್ತಲೂ ಚೆಂಡುಹೂವಿನ ಮಾಲೆ. ಮೊನೆಗೆ ಚುಚ್ಚಿದ ನಿಂಬೆಹಣ್ಣು.

"ಅತ್ತೀ, ಇದೇನ್ ಮಾಡೀಬೇ!"

"ದಂಡಿನ ಸಾಮಾನ ಅಲ್ಲೇನೋ ತಮ್ಮಾ? ಕುಡಗೋಲಿಗೆ ಪೂಜಿ, ಇದಕ್ಕ್ಯಾಕ ಬ್ಯಾಡ? ನಿಂಬಿಹಣ್ಣ ಚುಚ್ಚಾಕಂತನ ಎಷ್ಟ ಚಂದ ಮೊಳಿ ಇಟ್ಟಾರ ನೋಡು. ಶಾಣ್ಯಾ ಮಂದಿ! ನಾಳೆ ಬನ್ನಿ ಮುಡಿಯೂತನಕ ಮುಟ್ಟಬ್ಯಾಡ ಮತ್ತ."

ಪುಣೆಯವರು ಬಂದರು. ಟೋಪಿ ಹಿಡಿಯಲೆಂದು ಹಾಕಿಕೊಂಡಿದ್ದ ಬಿಳಿ ಕೈಗವಸುಗಳನ್ನು ಪೂಜೆ ಕಂಡೊಡನೆ ಕಳಚಿ ಕೈಮುಗಿದರು. ನಾಳೆಯವರೆಗೆ ಕಾಯಲಾಗದು, ನೀವೇ ಎತ್ತಿಕೊಟ್ಟರೆ ಒಯ್ಯುತ್ತೇನೆ, ಪೂಜೆ ಕದಲಿಸಿದ ಪಾಪ ನನಗೆ ಬೇಡ ಎಂದು ಮರಾಠಿಯಲ್ಲಿ ಹೇಳಿದರು. ಖಾನಾಪುರದವಳಿಗೆ ಮರಾಠಿ ತಿಳಿಯದೆ? ನನ್ನ ಮುಖದಲ್ಲಿ ಏನು ಕಂಡಳೋ, ಅತ್ತೆ ಕರಗಿಬಿಟ್ಟಳು. "ಅಷ್ಟ ಜೀಂವ ಹಿಡದಿದ್ರ ತಗದ ಕೊಡಪಾ. ಹುಡುಗ ಅದಾನ, ತಿಳೀಲಿಲ್ಲ ಅಂತ ದೇವರಿಗೆ ನಾ ಹೇಳ್ತೀನಿ." ಹುಡುಗನಿಗೆ ಆಗಲೇ ಪಿಂಚಣಿ ಬರುತ್ತಿತ್ತು.

ಎಲ್ಲರೂ ಸರಿದು ದಾರಿ ಬಿಟ್ಟರು. ಗೆಳೆಯರ ನಡುವೆ ಕುಳಿತರೆ ದೇವರೇ ಇಲ್ಲವೆಂದು ತಾಸುಗಟ್ಟಲೆ ವಾದಿಸುವ ನಾನು ಧೈರ್ಯವಾಗಿ ಬಗ್ಗಿದೆ. ಕೈಗಳು ನಿಂಬೆಹಣ್ಣಿನ ತನಕ ಹೋದವು; ಅಲ್ಲಿ ನನ್ನನ್ನು ಒಂದು ಮಾತೂ ಕೇಳದೆ ಒಂದಕ್ಕೊಂದು ಜೋಡಿಸಿಕೊಂಡವು.

ಗರಿಟೋಪಿ ಬಂದ ಕಾರಿನಲ್ಲೇ ಗೋವಾದ ದಾರಿ ಹಿಡಿಯಿತು.

"ಅತ್ತಿಯವರ ತಗೋ ಅಂದ್ರಲ್ರೀ, ಮತ್ಯಾಕ ಬಿಟ್ರಿ?" ಎಂದಳು ಹೆಂಡತಿ.

"ಹಿರೇ ಜೀಂವ, ಮನಸ್ಸಿಗೆ ಹತ್ತಬಾರದು ಅಂತ" ಎಂದೆ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ನನ್ನ ಹೆಸರ ಮುಂದ ಮಾಡಬ್ಯಾಡ್ರೆವಾ! ಕಣ್ಣ ಮುಚ್ಚಿ ಅಷ್ಟೊತ್ತ ಏನ ಬೇಡಿಕೊಂಡಾ, ಅದನ್ನ ಕೇಳವನ್ನ."

ಬೇಡಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲವಂತೆ, ಅದಕ್ಕೆ ಅವರಿಗೆ ಹೇಳಲಿಲ್ಲ. ನಿಮ್ಮ ಮುಂದೆ ಏನು ಮುಚ್ಚುಮರೆ? ಗೋವಾದ ಗಿರಾಕಿಗೆ ಆ ಗರಿಟೋಪಿ ಹಿಡಿಸದಿರಲಪ್ಪಾ ಎಂದೆ.